ಒಂದು ಕೈಯ ಕಸರತ್ತಿನಲ್ಲಿ ಇನ್ನೊಂದಕ್ಕೆಷ್ಟು ಪಾಲು?

ಕುವೈತಿನ ಬೇಸಿಗೆಯಲ್ಲಿ ಮಕ್ಕಳು ಹೊರಗೆ ಆಡುವುದೇ ಕಷ್ಟ. ಅದರ ಜೊತೆಗೆ ಕೈಗೆ ಪ್ಲಾಸ್ಟರ್ ಬಿದ್ದರೆ? "ವಾಸಿಯಾಗುವ ತನಕ ಸುಮ್ಮನೆ ಕೂತಿರು" ಎಂದು ನಾನೂ ಮಗನಿಗೆ ಹೇಳಿದ್ದೆ. ಪ್ಲಾಸ್ಟರ್ ತೆಗೆದ ದಿನ ನೋಡಿದರೆ ಕೈ ಬಡಕಲು. ಮೆಟ್ಟಿಲು ಹತ್ತಿದರೆ ಏದುಸಿರು. ಕೈ ಸೊರಗಿದ್ದು ಪ್ಲಾಸ್ಟರಿನಿಂದ, ಏದುಸಿರು ನನ್ನ ಉಪದೇಶದಿಂದ!

ಮಕ್ಕಳೇ, 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಕ್ರಿಪ್ಚರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಒಂದು ಸೋಜಿಗ ಕಂಡರು. ಬಲಗೈಯಿಂದ ಮಾತ್ರ ಹಿಚುಕುವ ಅಭ್ಯಾಸ ಮಾಡಿದರೂ ಎಡಗೈಯ ಹಿಡಿತ ಕೂಡ ಬಲಿತಿತ್ತು. ಸ್ನಾಯುವಿಗೆ ಅಪ್ಪಣೆ ಕೊಡುವ ಮಿದುಳು, ನರಗಳು ಕಲಿತದ್ದರ ಫಲ ಅದು.

ಆದರೆ ದಮ್ಮಿನ ಲೆಕ್ಕ ಬೇರೆ. ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ ಅವರ ತಂಡ ಒಂದೇ ಕಾಲಿನಿಂದ ಸೈಕಲ್ ತುಳಿಸಿ ನೋಡಿ, 1976ರಲ್ಲಿ ಫಲಿತಾಂಶ ಪ್ರಕಟಿಸಿತು. ಆಮ್ಲಜನಕ ಬಳಸಲು ನೆರವಾಗುವ ಕಿಣ್ವಗಳು ತುಳಿದ ಕಾಲಿನಲ್ಲಿ ಹೆಚ್ಚಿದವು, ಸುಮ್ಮನಿದ್ದ ಕಾಲಿಗೆ ಆ ಲಾಭ ದಕ್ಕಲಿಲ್ಲ. ದುಡಿದವನಿಗೇ ಕೂಲಿ!

ಹೃದಯ ಮಾತ್ರ ಎಲ್ಲ ಅಂಗಗಳಿಗೂ ಒಂದೇ. ಕಾಲಿನ ದೊಡ್ಡ ಸ್ನಾಯುಗಳು ದಿನವೂ ದುಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಕೈಗಳ ಕೆಲಸಕ್ಕೂ ಅದರಲ್ಲಿ ಅಷ್ಟಿಷ್ಟು ಪಾಲುಂಟು.

ಹಾಗಾಗಿ ಪೋಷಕರೇ, ಕೈ ಮುರಿದ ಮಗುವನ್ನು ಸೋಫಾಕ್ಕೆ ಕಟ್ಟಿಹಾಕಬೇಡಿ. ಡಾಕ್ಟರು ಒಪ್ಪಿದರೆ ಸಂಜೆ ಮಾಲ್‌ನೊಳಗೆ ಬಿರುಸಾಗಿ ನಡೆಸಿ. ಚಳಿಗಾಲವಾದರೆ ಗಲ್ಫ್ ರಸ್ತೆಯ ಕಡಲ ದಂಡೆಯಿದೆ. ಚೆನ್ನಾಗಿರುವ ಕೈಗೆ ಹಿಚುಕಲು ಮೆತ್ತನೆ ಚೆಂಡು ಕೊಡಿ. ಪ್ಲಾಸ್ಟರ್ ತೆಗೆದ ಮೇಲೆ, ಸೊರಗಿದ ಕೈ ತನ್ನ ಪಾಠ ತಾನೇ ಕಲಿಯಬೇಕು. ನಮ್ಮ ಮನೆಯಲ್ಲಿ ಚೆಂಡು ಈಗ ಆ ಕೈಗೆ ಬಂದಿದೆ.