ಹೇರೆತ್ತುಗಳ ದಾರಿಯಲ್ಲಿ

ಇಂಗ್ಲೆಂಡಿನಲ್ಲಿ 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು ಒಬ್ಬರ ಹಿಂದೊಬ್ಬರು ಆಳಿದರು. ಅದೇ ಕಾಲದಲ್ಲಿ ನಮ್ಮ ನಾಡು ಮರಾಠರ, ನಿಜಾಮರ, ಹೈದರ್ ಮತ್ತು ಟಿಪ್ಪುವಿನ ದಂಡುಗಳ ಓಡಾಟವನ್ನು ಕಂಡಿತು. ಆ ಅರಸರ, ದಳಪತಿಗಳ ಹೆಸರುಗಳನ್ನು ಚರಿತ್ರೆ ತಪ್ಪದೆ ಬರೆದಿಟ್ಟಿದೆ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು, ಮಾನವಿ, ದೇವದುರ್ಗಗಳ ಬಡವನ ಅಂಬಲಿಗೆ ಉಪ್ಪು ಒದಗಿಸಿದವರಾರು? ಉಪ್ಪಾರರು ಸವಳು ಮಣ್ಣಿನಿಂದ ತೆಗೆದುದು ಸ್ವಲ್ಪ. ದೂರದ ಕಡಲುಪ್ಪನ್ನು ಹೊತ್ತು ತಂದವರು ಲಂಬಾಣಿಗಳು. ‘ಲವಣ’ದಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಹೇಳುವವರುಂಟು.

ಗಾಡಿ ನಡೆಯತಕ್ಕ ರಸ್ತೆಗಳು ಆಗ ವಿರಳ. ನಮ್ಮ ಎರೆಭೂಮಿಯಂತೂ ಮಳೆಗೆ ನೆನೆದರೆ ಗಾಲಿಯನ್ನು ಬಿಡುವುದಿಲ್ಲ. ಆದುದರಿಂದ ಎತ್ತಿನ ಬೆನ್ನಿನ ಇಕ್ಕೆಲಗಳಿಗೂ ಗೋಣಿಯನ್ನು ತೂಗುಬಿಟ್ಟು, ನೂರಾರು ಎತ್ತುಗಳನ್ನು ಒಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಉಪ್ಪು ತಂದವರು ಮರಳುವಾಗ ಕಾಳು, ಹತ್ತಿಗಳನ್ನು ಹೇರುತ್ತಿದ್ದರು. ಎತ್ತುಗಳು ದಾರಿಯ ಹುಲ್ಲನ್ನೇ ಮೇಯುತ್ತ ಸಾಗುತ್ತಿದ್ದುದರಿಂದ ಮೇವಿಗೆ ಖರ್ಚಿರಲಿಲ್ಲ; ನಡಿಗೆ ನಿಧಾನವಾದರೂ ಸಾಗಣೆ ಅಗ್ಗವಾಗಿತ್ತು. ನಾಯಕನ ಮಾತಿನಂತೆ ಇಡೀ ತಾಂಡವೇ ಹೊರಡುತ್ತಿತ್ತು. ಬೀಡುಬಿಟ್ಟಲ್ಲಿ ಅಡುಗೆ, ಕೂಸುಗಳ ಆರೈಕೆ, ಹರಿದ ಗೋಣಿಗಳ ಹೊಲಿಗೆ ಎಲ್ಲವೂ ಹೆಂಗಸರ ಪಾಲು. ಅದೇ ಸೂಜಿಯಿಂದ ಅವರು ಕನ್ನಡಿ, ಕವಡೆಗಳನ್ನು ಕೂರಿಸಿದ ಕಸೂತಿಯನ್ನೂ ಮಾಡಿದರು. ಇಷ್ಟು ದುಡಿಮೆಯ ನಡುವೆ ಅದಕ್ಕೆ ಹೊತ್ತು ಹೇಗೆ ಸಿಕ್ಕಿತೋ!

ದಂಡಿಗೂ ಇವರೇ ಬೇಕಾಗಿದ್ದರು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದವರೆಗೆ ಹೋಗಿಯೂ, ಆಹಾರವಿಲ್ಲದೆ, ಎಳೆಯುವ ಎತ್ತುಗಳು ಸತ್ತುಬಿದ್ದು, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಮ್ಮೆಟ್ಟಬೇಕಾಯಿತು. ಮರುವರ್ಷ ಅವನು ಮತ್ತೆ ಮುತ್ತಿಗೆ ಹಾಕಿದಾಗ ಸೈನ್ಯದ ಹೊಟ್ಟೆ ತುಂಬಿಸಿದುದರಲ್ಲಿ ಲಂಬಾಣಿಗಳ ಧಾನ್ಯದ ಪಾಲು ದೊಡ್ಡದು. ಗೆಲುವಿನ ಕೀರ್ತಿ ಮಾತ್ರ ಸೇನಾಪತಿಗೆ ಸಂದಿತು.

ಮುಂದೆ ರಸ್ತೆಗಳಾದವು, ರೈಲು ಬಂದಿತು. 1871ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲೇ ಕೂಡಿದವು. ಎತ್ತಿನ ಬೆನ್ನಿಗೆ ಕೆಲಸ ಕುಗ್ಗಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಮುಂದೆ ಲಂಬಾಣಿಗಳ ಕೆಲವು ಗುಂಪುಗಳೂ ಅದರ ಹಿಡಿತಕ್ಕೆ ಸಿಕ್ಕವು. ಹುಟ್ಟಿದ ಕುಲವೇ ಅಪರಾಧಕ್ಕೆ ಸಾಕ್ಷಿ ಎಂಬ ಈ ನ್ಯಾಯ ವಿಚಿತ್ರವಾದುದು. ನಿನ್ನೆಯವರೆಗೆ ಸೈನ್ಯದ ಅನ್ನವನ್ನೇ ನಂಬಿ ಒಪ್ಪಿಸಿದ್ದ ಜನರನ್ನು ಸರ್ಕಾರ ಹೀಗೆ ಕಂಡಿತು. ಸ್ವಾತಂತ್ರ್ಯಾನಂತರ, 1952ರಲ್ಲಿ, ಆ ಕಾಯ್ದೆ ರದ್ದಾಯಿತು.

ಅಲೆಮಾರಿಗಳಾಗಿದ್ದವರು ಕ್ರಮೇಣ ಒಂದೆಡೆ ನೆಲೆನಿಂತರು. ದೇವದುರ್ಗ, ಮಾನವಿಗಳ ಸುತ್ತಲೂ ಇಂದು ತಾಂಡಗಳಿವೆ. ಮನೆಯೊಳಗೆ ಅವರ ನುಡಿ, ಸಂತೆಯಲ್ಲಿ ಕನ್ನಡ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಅನೇಕರು ಗಂಟುಮೂಟೆ ಕಟ್ಟಿಕೊಂಡು, ಮಕ್ಕಳ ಕೈಹಿಡಿದು, ಬೆಂಗಳೂರು ಪುಣೆಗಳಿಗೆ ಗುಳೆ ಹೊರಡುತ್ತಾರೆ. ಅಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಅವರು ಇಟ್ಟಿಗೆ ಹೊರುತ್ತಾರೆ.