ಹುಡುಕದೆ ಸಿಕ್ಕ ಗಂಟು

ಹುಡುಕದೆ ಗಂಟು ಸಿಕ್ಕಿತೆಂದರೆ ನಮ್ಮ ಹಿರಿಯರು ಹಿಗ್ಗುತ್ತಿದ್ದರು. ಹೊಲ ಅಗೆಯುವಾಗಲೋ ಹಳೆಯ ಗೋಡೆ ಕೆಡವುವಾಗಲೋ ದೊರೆಯುವ ಹಣದ ಗಂಟು ಅದು. ಈಗಿನ ಕಾಲದಲ್ಲಿ ಹುಡುಕದೆ ಸಿಕ್ಕುವ ಗಂಟು ಬೇರೆ. ಒಂದು ಬೇನೆಗೆಂದು ಸ್ಕ್ಯಾನ್ ಮಾಡಿಸಿದಾಗ, ಯಾರೂ ಅರಸದಿದ್ದ ಗಡ್ಡೆಯೊಂದು ಇನ್ನೆಲ್ಲೋ ಕಾಣಿಸಿಕೊಂಡು ಮನೆಮಂದಿಯ ನಿದ್ದೆಯನ್ನೆಲ್ಲ ಕೆಡಿಸುತ್ತದೆ. ವೈದ್ಯರು ಇದಕ್ಕೆ 'ಇನ್ಸಿಡೆಂಟಲೋಮ' ಎನ್ನುತ್ತಾರೆ. ನಾವು 'ಆಕಸ್ಮಿಕ ಗಂಟು' ಎನ್ನೋಣ.

ಈ ಹೆಸರಿನ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. 'ಓಮ' ಎಂಬ ಗ್ರೀಕ್ ಪ್ರತ್ಯಯ ಗಡ್ಡೆಗಳ ಹೆಸರಿನ ಕೊನೆಗೆ ಬರುವಂಥದು. ಮಿಕ್ಕ ಹೆಸರುಗಳು ಗಡ್ಡೆ ಯಾವ ಜಾತಿಯದೆಂದು ಹೇಳುತ್ತವೆ. ಇದಾದರೋ ಅದು ಸಿಕ್ಕಿದ ರೀತಿಯನ್ನಷ್ಟೇ ಹೇಳುತ್ತದೆ. ಆದ್ದರಿಂದ ಇದು ರೋಗದ ಹೆಸರಲ್ಲ. ಅಮೇರಿಕದ ವೈದ್ಯರಾದ ಗೀಲ್‌ಹೋಡ್ ಮತ್ತು ಡ್ರೂಯಿ ಅವರು 1982ರಲ್ಲಿ ಅಡ್ರಿನಲ್ ಗ್ರಂಥಿಯ ಗಂಟುಗಳನ್ನು ಕುರಿತ ಲೇಖನದ ತಲೆಬರಹದಲ್ಲಿ ಈ ಶಬ್ದವನ್ನು ಬಳಸಿದರು. ಅದಕ್ಕೆ ಹನ್ನೊಂದು ವರ್ಷ ಮೊದಲು, 1971ರಲ್ಲಿ, ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತ್ತು. ಯಂತ್ರದ ಕಣ್ಣು ಚುರುಕಾದಂತೆಲ್ಲ ಇಂಥ ಗಂಟುಗಳೂ ಹೆಚ್ಚಿದವು. ಅವು ಮೊದಲೂ ಇದ್ದವು, ನೋಡುವವರಿರಲಿಲ್ಲ, ಅಷ್ಟೆ.

ನಮ್ಮ ಖಾಪರಖೇಡಾ ವಿದ್ಯುತ್ ಕೇಂದ್ರದ ಚಿಮಣಿಗಳಿಗೆ ಹೆಸರಾದ ಊರು. ಇಲ್ಲಿಯ ಪರಿಚಿತರೊಬ್ಬರು ಮೂತ್ರಪಿಂಡದ ಹರಳಿಗೆಂದು ನಾಗಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡರು. ಹರಳು ತಾನಾಗಿಯೇ ಬಿದ್ದುಹೋಯಿತು. ಆದರೆ ವರದಿಯ ಕೊನೆಯ ಸಾಲು ಉಳಿಯಿತು: ಎಡ ಅಡ್ರಿನಲ್‌ನಲ್ಲಿ 1.8 ಸೆಂಟಿಮೀಟರಿನ ಗಂಟು. ಒಂದು ದವಾಖಾನೆಯಲ್ಲಿ ಕೂಡಲೆ ಶಸ್ತ್ರಕ್ರಿಯೆ ಆಗಲೆಂದರು. ಮಗಳ ಮದುವೆಗೆಂದು ಕೂಡಿಟ್ಟ ಹಣ ತೆಗೆಯುವ ಮಾತು ಮನೆಯಲ್ಲಿ ನಡೆಯಿತು. ಎರಡನೆಯ ವೈದ್ಯರು ಅದೇ ಚಿತ್ರವನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಗಂಟನ್ನು ಮುಟ್ಟಬೇಕಾಗಿಲ್ಲ ಎಂದರು. ಮದುವೆ ನಿಶ್ಚಯಿಸಿದ ತಿಥಿಗೇ ಆಯಿತು.

ಎರಡನೆಯವರು ನೋಡಿದ್ದಾದರೂ ಏನು? ಹೊಟ್ಟೆಯ ಸಿಟಿ ಮಾಡಿಸಿಕೊಂಡ ವಯಸ್ಕರಲ್ಲಿ ನೂರಕ್ಕೆ ಸುಮಾರು 4 ಜನರಿಗೆ ಅಡ್ರಿನಲ್ ಗಂಟು ಕಾಣುತ್ತದೆ. ವಯಸ್ಸಾದಂತೆ ಇದು ಹೆಚ್ಚು. ಬಹುಪಾಲು ನಿರುಪದ್ರವಿಗಳು. ಗಂಟಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಅಳೆಯುತ್ತಾರೆ, ನೀರಿಗೆ ಸೊನ್ನೆ. ಬಣ್ಣದ ಔಷಧಿ ಚುಚ್ಚದೆ ತೆಗೆದ ಚಿತ್ರದಲ್ಲಿ ಗಂಟು ಏಕರೂಪವಾಗಿದ್ದು ಅಂಕಿ 10 ಅಥವಾ ಅದಕ್ಕೂ ಕಡಿಮೆ ಇದ್ದರೆ, ಅದರಲ್ಲಿ ಕೊಬ್ಬು ಹೆಚ್ಚೆಂದೂ ಅದು ಕ್ಯಾನ್ಸರಲ್ಲವೆಂದೂ ತಿಳಿಯುತ್ತಾರೆ. ಮತ್ತೆ ಮತ್ತೆ ಸ್ಕ್ಯಾನ್ ಬೇಡವೆಂದು 2023ರ ಯುರೋಪಿನ ತಜ್ಞರ ಸೂಚನೆ ಹೇಳುತ್ತದೆ.

ಹಾಗೆಂದು ವರದಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಲಾಗದು. ಕೆಲವು ಗಂಟುಗಳು ಸದ್ದಿಲ್ಲದೆ ಹಾರ್ಮೋನು ಸುರಿಸುತ್ತಿರುತ್ತವೆ. ಕಾರ್ಟಿಸಾಲ್ ಹೆಚ್ಚಿದರೆ ಮಧುಮೇಹ, ರಕ್ತದೊತ್ತಡ, ಎಲುಬಿನ ಸವೆತ. ಇದನ್ನು ತಿಳಿಯಲು ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಗುಳಿಗೆ ಕೊಟ್ಟು ಬೆಳಗ್ಗೆ ರಕ್ತ ತೆಗೆಯುತ್ತಾರೆ. ಫಿಯೋಕ್ರೋಮೋಸೈಟೋಮ ಎಂಬ ಇನ್ನೊಂದು ಜಾತಿಯದಿದೆ. ಅದನ್ನು ತಿಳಿಯದೆ ಸೂಜಿ ಚುಚ್ಚಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. 4 ಸೆಂಟಿಮೀಟರಿಗಿಂತ ದೊಡ್ಡದಾಗಿ, ಸಾಂದ್ರತೆಯೂ ಹೆಚ್ಚಿದ್ದರೆ, ಅಥವಾ ಮೊದಲೇ ಕ್ಯಾನ್ಸರ್ ಆಗಿದ್ದವರಾದರೆ, ವಿಚಾರ ಗಂಭೀರ.

2020 ಮತ್ತು 2021ರ ಕೊರೋನಾ ಕಾಲದಲ್ಲಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡವರು ಬಹಳ. ಅಂಥ ಚಿತ್ರಗಳಲ್ಲಿ ಸಣ್ಣ ಚುಕ್ಕೆ ಕಾಣುವುದು ಅಪರೂಪವಲ್ಲ. ನಮ್ಮ ದೇಶದಲ್ಲಿ ಎಷ್ಟೋ ಸಲ ಅದು ಎಂದೋ ಬಂದು ಮಾಯ್ದ ಕ್ಷಯದ ಕಲೆಯಾಗಿರುತ್ತದೆ. ಧೂಮಪಾನ ಮೊದಲಾದ ಅಪಾಯಗಳಿಲ್ಲದವರಲ್ಲಿ 6 ಮಿಲಿಮೀಟರಿಗಿಂತ ಕಿರಿದಾದ ಚುಕ್ಕೆಗೆ ಸಾಮಾನ್ಯವಾಗಿ ಮರುಸ್ಕ್ಯಾನ್ ಬೇಕಿಲ್ಲ.

ಅತಿಯಾಗಿ ಹುಡುಕಿದರೆ ಏನಾದೀತೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಅದರ ಜೊತೆಗೆ ಸ್ವಲ್ಪ ಹಣ ಕೊಟ್ಟು ಥೈರಾಯಿಡ್ ಅಲ್ಟ್ರಾಸೌಂಡ್ ಮಾಡಿಸುವ ರೂಢಿ ಬೆಳೆಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯಿಡ್ ಕ್ಯಾನ್ಸರಿನ ಪ್ರಮಾಣ ಹದಿನೈದು ಪಟ್ಟು. ಅದರಿಂದಾಗುವ ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಕಂಡವರಲ್ಲಿ ಬಹುತೇಕ ಎಲ್ಲರೂ ಕೊರಳು ಕೊಯ್ಯಿಸಿಕೊಂಡರು; ಅನೇಕರಿಗೆ ಜನ್ಮವಿಡೀ ಗುಳಿಗೆ ಗಂಟುಬಿತ್ತು, ಕೆಲವರ ಸ್ವರವೂ ಕೆಟ್ಟಿತು.

ನಾವು ಕಚೇರಿಯಲ್ಲಿ ಕಾಗದಗಳ ನಡುವೆ ದಿನಗಳೆಯುವವರು. ಒಂದು ಕಡತ ಅರಸುವಾಗ ಎಂದಿನದೋ ಇನ್ನೊಂದು ಸಿಕ್ಕರೆ, ಅದನ್ನು ಬಿಸಾಡುವುದೂ ಇಲ್ಲ, ತುರ್ತೆಂದು ಸಾಹೇಬರ ಮುಂದೆ ಒಯ್ಯುವುದೂ ಇಲ್ಲ. ತಾರೀಖು, ಶೆರಾ, ಹಿಂದಿನ ಪತ್ರಗಳನ್ನು ನೋಡುತ್ತೇವೆ. ಆಕಸ್ಮಿಕ ಗಂಟಿಗೂ ಅದೇ ಕ್ರಮ ಸಲ್ಲುತ್ತದೆ. ಗಾತ್ರವೆಷ್ಟು, ಸಾಂದ್ರತೆಯೆಷ್ಟು, ಹಾರ್ಮೋನು ಪರೀಕ್ಷೆ ಬೇಕೆ, ಹಿಂದಿನ ಚಿತ್ರದಲ್ಲೂ ಇದು ಇತ್ತೆ ಎಂಬ ನಾಲ್ಕು ಪ್ರಶ್ನೆಗಳನ್ನು ವೈದ್ಯರಿಗೆ ಕೇಳಬೇಕು. ಹಳೆಯ ಫಿಲ್ಮುಗಳನ್ನು ರದ್ದಿಗೆ ಹಾಕದೆ ಜೋಪಾನವಾಗಿ ಇಡಬೇಕು. ಐದು ವರ್ಷಗಳಿಂದ ಬೆಳೆಯದ ಗಂಟು ತಾನೇ ತನ್ನ ಪರವಾಗಿ ಸಾಕ್ಷಿ ನುಡಿಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬಲ್ಲ ನಮಗೆ, ಗಂಟೆಂಬುದೆಲ್ಲ ಕ್ಯಾನ್ಸರಲ್ಲವೆಂಬುದೂ ತಿಳಿದಿರಲಿ.