ಟಿಪ್ಪುವಿನ ಪುಸ್ತಕಗಳಿಗೊಂದು ದಾರಿದೀಪ

1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪುವಿನ ಅರಮನೆಯಲ್ಲಿದ್ದ ಸುಮಾರು 2000 ಗ್ರಂಥಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕೆಲವು ಕಲ್ಕತ್ತೆಗೆ ಹೋದವು, ಕೆಲವು ಇಂಗ್ಲೆಂಡಿಗೆ.

ಆ ಸಂಗ್ರಹದಲ್ಲಿ ಏನೇನಿತ್ತು ಅಂತ ಇವತ್ತು ನಮಗೆ ಗೊತ್ತಾಗೋದು ಹೇಗೆ? 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಪ್ರಕಟಿಸಿದ ವಿವರಣಾತ್ಮಕ ಸೂಚಿಯಿಂದ.

ಆತ ಬರೀ ಹೆಸರು ಪಟ್ಟಿ ಮಾಡಲಿಲ್ಲ. ವಿಷಯ, ಭಾಷೆ, ಕರ್ತೃ ಎಲ್ಲ ಬರೆದ. ರಟ್ಟನ್ನೂ ಬಿಡಲಿಲ್ಲ! ಶ್ರೀರಂಗಪಟ್ಟಣದಲ್ಲೇ ರಟ್ಟು ಕಟ್ಟಿಸಿದ ಪುಸ್ತಕಗಳ ಮೇಲ್ತುದಿಯಲ್ಲಿ 'ಸರ್ಕಾರ್-ಎ-ಖುದಾದಾದ್', ಅಂದರೆ ದೇವರು ಕೊಟ್ಟ ಸರ್ಕಾರ. ಕೆಳಗೆ 'ಅಲ್ಲಾಹ್ ಕಾಫಿ', ದೇವರೊಬ್ಬನೇ ಸಾಕು. ಎಷ್ಟೋ ಪುಸ್ತಕಗಳು ಸವಣೂರು, ಕಡಪದ ಲೂಟಿಯಲ್ಲಿ ಬಂದವು ಅಂತಲೂ ದಾಖಲಿಸಿದ. ನನ್ನ ಪ್ರಕಾರ ಇಡೀ ಸೂಚಿಯಲ್ಲಿ ಅತಿ ಬೆಲೆಬಾಳುವ ಮಾತು ಇದೇ. ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ತಿಳಿಯದಿದ್ದರೆ ಹಳೇ ಕಾಗದ ಅರ್ಧ ಮೂಕ.

ಹಳೇ ಕಾಗದಗಳಿಗೆ ಸೂಚಿ ಮಾಡುವವರಿಗೆ ಇನ್ನೊಂದು ಕೆಲಸ, ಊರುಗಳ ಹಳೇ ಹೊಸ ಹೆಸರುಗಳನ್ನು ಜೋಡಿಸೋದು. ಹಳೇ ಕಡತದಲ್ಲಿ ಪಾಂಡವಪುರ ಹುಡುಕಿದರೆ ಸಿಗಲಿಕ್ಕಿಲ್ಲ. ಅಲ್ಲಿ ಅದು ಫ್ರೆಂಚ್ ರಾಕ್ಸ್, ಇಲ್ಲವೇ ಹಿರೋಡೆ. ಕೆ.ಆರ್. ಪೇಟೆ? ಅತ್ತಿಕುಪ್ಪೆ. ನಾಗಮಂಗಲದ ಹೆಸರೇನೋ ಹಾಗೇ ಇದೆ, ಆದರೆ ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೂ ಹಿಂದಿನದು ಬೇಕಾದರೆ ಮೈಸೂರು ಜಿಲ್ಲೆಯ ಕಟ್ಟು ಬಿಚ್ಚಬೇಕು.

ಒಳ್ಳೆಯ ಸೂಚಿಕಾರರು ಈ ಹೆಸರುಗಳನ್ನೆಲ್ಲ ಪಕ್ಕಪಕ್ಕದಲ್ಲೇ ಬರೆದಿಡುತ್ತಾರೆ. ಅಜ್ಜನ ಜಮೀನಿನ ಕಾಗದ ಹುಡುಕಿ ಬಂದವರು ಬರಿಗೈಲಿ ಹೋಗಬಾರದಲ್ಲ!